ಬ್ಯಾಂಕಾಕ್‌ನಲ್ಲಿ ಕೆಲಸ ಅಂದರೆ ಸ್ವಲ್ಪ ನಿಲ್ಲಿ

ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ ಅಂತ ಟೆಲಿಗ್ರಾಮ್‌ನಲ್ಲಿ ಮೆಸೇಜ್ ಬರುತ್ತದೆ. ನಂಬಿ ಬ್ಯಾಂಕಾಕ್‌ಗೆ ಹೋದ ಹುಡುಗರನ್ನು ಥಾಯ್ಲೆಂಡ್‌ನ ಗಡಿ ಊರಾದ ಮೇ ಸಾಟ್‌ಗೆ ಒಯ್ದು, ಗಡಿಯ ಮೊಯಿ ನದಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿಯಲ್ಲಿ ಬೇಲಿಯೊಳಗೆ ಕೂಡಿಹಾಕುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ದಿನವಿಡೀ ಸುಳ್ಳು ಪ್ರೊಫೈಲ್ ಇಟ್ಟುಕೊಂಡು ಜನರಿಗೆ ಮೋಸ ಮಾಡಬೇಕು, ಒಲ್ಲೆ ಅಂದರೆ ಏಟು, ಕರೆಂಟ್ ಶಾಕ್. ಮ್ಯಾನ್ಮಾರ್‌ನಲ್ಲೇ ಕನಿಷ್ಠ 1,20,000 ಜನ ಹೀಗೆ ಸಿಕ್ಕಿಕೊಂಡಿರಬಹುದು ಅಂತ 2023ರಲ್ಲಿ ವಿಶ್ವಸಂಸ್ಥೆ ಹೇಳಿತ್ತು.

2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು 500ಕ್ಕೂ ಜಾಸ್ತಿ ಭಾರತೀಯರನ್ನು ವಾಪಸ್ ಕರೆತಂದವು. ಹೀಗೆ ಬಂದವರನ್ನೆಲ್ಲ ಕಳ್ಳರಂತೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಹಿಡಿಯಬೇಕಾದ್ದು ಕಮಿಷನ್ ತಿಂದು ಕಳಿಸಿದ ಏಜೆಂಟನ್ನು ಅಲ್ವಾ? ನಿಮ್ಮ ಮನೆಯ ಹುಡುಗರಿಗೆ ಆಫರ್ ಬಂದರೆ, ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇದೆಯಾ ನೋಡಿ. ಟೂರಿಸ್ಟ್ ವೀಸಾದಲ್ಲಿ ಹೋಗು ಅಂದರೆ ಕಳಿಸಲೇಬೇಡಿ.