"ಈ ಸಲ ಏನು ಕಂಡುಹಿಡಿದ್ರಿ, ಮೇಷ್ಟ್ರೇ?"

ಮದುವೆ ಮನೆಯ ಪಂಕ್ತಿಯಲ್ಲಿ, ಹಾಲಿನ ಬೂತಿನ ಎದುರು, ಬೀದಿ ಗಣೇಶನ ಪೆಂಡಾಲಿನಲ್ಲಿ, ಎಲ್ಲೇ ಸಿಕ್ಕರೂ ಜನ ನನ್ನನ್ನು ಕೇಳುವುದು ಇದನ್ನೇ. ನಾನು ಒಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತೇನೆ, ಪಿಎಚ್.ಡಿ. ಮಾಡುವ ಆರು ಜನ ಸ್ಕಾಲರ್‌ಗಳಿಗೆ ಗೈಡು. ನಮ್ಮ ಲ್ಯಾಬಿನಲ್ಲಿ ತಿಂಗಳಿಗೊಮ್ಮೆಯಾದರೂ ಸಿಹಿ ಹಂಚುತ್ತೇವೆ. ಹುಡುಗರು ಅದರ ಫೋಟೊ ಸ್ಟೇಟಸ್ಸಿಗೆ ಹಾಕುತ್ತಾರೆ. ನೋಡಿದವರು ನನ್ನನ್ನು ಹಿಡಿದು ಕೇಳುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರವಲ್ಲ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಿಜ ಹೇಳಬೇಕೆಂದರೆ, ಬಹಳ ಸಲ ನಾವು ಏನನ್ನೂ ಕಂಡುಹಿಡಿದಿರುವುದಿಲ್ಲ. ಒಬ್ಬಳಿಗೆ ನೆಟ್ ಪರೀಕ್ಷೆ ಪಾಸಾಗಿರುತ್ತದೆ. ಒಬ್ಬನ ಪೇಪರು ಮೂರನೇ ಸಲ ತಿದ್ದಿ ಕಳಿಸಿದ ಮೇಲೆ ಅಕ್ಸೆಪ್ಟ್ ಆಗಿರುತ್ತದೆ. ಇನ್ನೊಬ್ಬರದು ಓಪನ್ ವೈವಾ, ಅಂದರೆ ಥೀಸಿಸ್ ಮೇಲಿನ ಬಹಿರಂಗ ಮೌಖಿಕ ಪರೀಕ್ಷೆ, ಮುಗಿದಿರುತ್ತದೆ. ನಮ್ಮಲ್ಲೊಂದು ಕಟ್ಟುಪಾಡಿದೆ: ಸಾಧನೆ ಮಾಡಿದವರು ದುಡ್ಡು ಬಿಚ್ಚುವ ಹಾಗಿಲ್ಲ, ಉಳಿದವರು ಚಂದಾ ಹಾಕಿ ತರಬೇಕು. ಫೆಲೋಶಿಪ್ ತಿಂಗಳುಗಟ್ಟಲೆ ಬಾರದ ಹುಡುಗನ ಹತ್ತಿರ "ಪಾರ್ಟಿ ಯಾವಾಗ?" ಎಂದು ಕೇಳುವುದು ಯಾವ ಸೀಮೆಯ ನ್ಯಾಯ?

ಹೋದ ವರ್ಷದ ಒಂದು ಮೈಸೂರು ಪಾಕಿನ ಕಥೆ ಹೇಳುತ್ತೇನೆ. ನಾವು ಗಾಜಿನ ಮೇಲೆ ಲೋಹದ ತೆಳು ಪದರ ಕೂರಿಸುವವರು. ಆ ಕೆಲಸಕ್ಕೆ ಬೆಲ್ ಜಾರ್ ಎಂಬ ಗಂಟೆಯಾಕಾರದ ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಪಂಪ್ ಹಚ್ಚಿ ಎಳೆಯಬೇಕು. ಒಳಗಿನ ಒತ್ತಡ ಒಂದು ಮಿಲಿಬಾರಿನ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಬೇಕು. ನಮ್ಮದು ಅದರ ನೂರು ಪಟ್ಟಿಗೇ ಬಂದು ನಿಂತುಬಿಡುತ್ತಿತ್ತು. ಎಲ್ಲೋ ಲೀಕ್. ಆ ಸ್ಕಾಲರ್ ಹುಡುಗಿ ಏಳು ವಾರ ದಿನಾ ಬೆಳಿಗ್ಗೆ ರೋಟರಿ ಪಂಪ್ ಹಾಕುವುದು, ಡಿಫ್ಯೂಶನ್ ಪಂಪ್ ಕಾಯಿಸುವುದು, ಒಂದೊಂದೇ ಜಾಯಿಂಟಿಗೆ ಪಿಚಕಾರಿಯಲ್ಲಿ ಅಸಿಟೋನ್ ದ್ರವ ಬಿಟ್ಟು, ಲೀಕ್ ಇದ್ದರೆ ಜಿಗಿಯುವ ಒತ್ತಡದ ಗೇಜು ನೋಡುತ್ತಾ ಕೂರುವುದು, ಇಷ್ಟೇ ಮಾಡಿದಳು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕೊನೆಗೊಂದು ಮಧ್ಯಾಹ್ನ, ಬೇಸ್ ಪ್ಲೇಟಿನ ತಳದಲ್ಲಿ ಕರೆಂಟಿನ ತಂತಿ ಒಳಹೋಗುವ ಕಡೆ ಅಸಿಟೋನ್ ಬಿದ್ದಿದ್ದೇ ತಡ, ಗೇಜು ತಟ್ಟನೆ ಜಿಗಿಯಿತು. ಬಿಚ್ಚಿದರೆ, ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ನುಣ್ಣಗೇ ಇದೆ. ವರ್ಕ್‌ಶಾಪಿನ ಮೇಸ್ತ್ರಿ ಅದನ್ನು ಇಸಿದುಕೊಂಡು ಟ್ಯೂಬ್‌ಲೈಟಿಗೆ ಹಿಡಿದು, ಉಗುರಿನಿಂದ ಏನನ್ನೋ ಎಬ್ಬಿಸಿದರು. ರಬ್ಬರಿಗೆ ಅಡ್ಡಲಾಗಿ ಒಂದು ಕೂದಲು.

ಅವತ್ತು ಸಂಜೆ ಅರ್ಧ ಕೆಜಿ ಮೈಸೂರು ಪಾಕ್, ಖಾರಾ ಬೂಂದಿ. ಮಾರನೇ ದಿನ ಪಕ್ಕದ ಮನೆಯವರು ಕೇಳಿದರು, "ಏನು ಕಂಡುಹಿಡಿದ್ರಿ?" ನಾನು ಹೇಳಿದೆ, "ಒಂದು ಕೂದಲು." ತಮಾಷೆ ಅಂದುಕೊಂಡರು.

ಈ ಏಳು ವಾರ ಯಾವ ಪೇಪರಿನಲ್ಲೂ ಅಚ್ಚಾಗುವುದಿಲ್ಲ. ಲೆಕ್ಕಕ್ಕೆ ಬಾರದ ಇಂಥ ದುಡಿಮೆ ಹೊಸದೇನಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅನ್ನಾ ಮಣಿ ಎಂಬ ಹುಡುಗಿ 1940ರಲ್ಲಿ ಸಿ.ವಿ. ರಾಮನ್ ಅವರ ಗುಂಪು ಸೇರಿದರು. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟು ಅದರ ವರ್ಣಪಟಲ ಹಿಡಿಯುವ ಕೆಲಸ. ಹೊರಬರುವ ಬೆಳಕು ಎಷ್ಟು ಮಂಕು ಎಂದರೆ ಫೋಟೊ ಪ್ಲೇಟನ್ನು ಹದಿನೈದು, ಇಪ್ಪತ್ತು ಗಂಟೆ ಒಡ್ಡಿಡಬೇಕಿತ್ತು. ಎಷ್ಟೋ ರಾತ್ರಿ ಅವರು ಲ್ಯಾಬಿನಲ್ಲೇ ಮಲಗಿದ್ದುಂಟು. ಒಬ್ಬರೇ ಲೇಖಕಿಯಾಗಿ ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಸಲ್ಲಿಸಿದರೆ, ಎಂ.ಎಸ್ಸಿ. ಆಗಿಲ್ಲವೆಂದು ಡಾಕ್ಟರೇಟ್ ಕೊಡಲಿಲ್ಲ. ಅವರು ಆಮೇಲೆ ಹವಾಮಾನ ಇಲಾಖೆ ಸೇರಿ ದೇಶದ ಹವಾಮಾನ ಉಪಕರಣಗಳನ್ನೇ ಕಟ್ಟಿ ನಿಲ್ಲಿಸಿದರು, ಅದು ಬೇರೆ ಮಾತು. ಓಪನ್ ವೈವಾ ದಿನ ನಮ್ಮ ಹುಡುಗರು ಡಬ್ಬ ತೆರೆಯುವಾಗ ನನಗೆ ಆ ಥೀಸಿಸ್ಸೇ ನೆನಪಾಗುತ್ತದೆ.

ಭೌತವಿಜ್ಞಾನಿ ಎಸ್. ಪಂಚರತ್ನಂ ಅವರ ಕಥೆ ಇನ್ನೊಂದು ಬಗೆ. 1956ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಧ್ರುವೀಕರಿಸಿದ ಬೆಳಕು, ಅಂದರೆ ಅಲೆಯ ಕಂಪನಕ್ಕೊಂದು ನಿಗದಿತ ರೀತಿ ಇರುವ ಬೆಳಕು, ಆ ರೀತಿಯನ್ನು ಬದಲಿಸುತ್ತಾ ಒಂದು ಸುತ್ತು ಹಾಕಿ ಮೊದಲಿನ ಸ್ಥಿತಿಗೇ ಬಂದರೂ ಅದರ ಅಲೆಯಲ್ಲಿ ಒಂದು ಹೆಚ್ಚುವರಿ ಪಲ್ಲಟ ಉಳಿಯುತ್ತದೆ ಎಂದು ತೋರಿಸಿದರು. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ರೀಡರ್ ಆಗಿದ್ದರು. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಾಗ ಮೂವತ್ತೈದು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರ್ರಿ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಇದೇ ಬಗೆಯದನ್ನು ಕಂಡ ಮೇಲೆಯೇ, ಬೆಂಗಳೂರಿನ ವಿಜ್ಞಾನಿಗಳಾದ ರಾಮಶೇಷನ್ ಮತ್ತು ನಿತ್ಯಾನಂದ ಪಂಚರತ್ನಂ ಅವರ ಹಳೆಯ ಪ್ರಬಂಧವನ್ನು ಎತ್ತಿ ತೋರಿಸಿದ್ದು. ಬೆರ್ರಿಯವರೂ ಅದನ್ನು ಮನಸಾರೆ ಒಪ್ಪಿ ಬರೆದರು. ಈಗ ಅದಕ್ಕೆ ಪಂಚರತ್ನಂ ಫೇಸ್ ಎಂದೇ ಹೆಸರು. ಹೆಸರು ಬಂತು, ಕೇಳಲು ಆತ ಇರಲಿಲ್ಲ.

ಹಾಗಂತ ಎಲ್ಲ ಸಂಭ್ರಮವೂ ನನಗೆ ಹಿಡಿಸುತ್ತದೆ ಅಂತಲ್ಲ. ಶಾಲು, ಗಂಧದ ಹಾರ, ಮೈಸೂರು ಪೇಟ, ಫ್ಲೆಕ್ಸಿನಲ್ಲಿ ಆಳೆತ್ತರ ಗೈಡು, ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಕೆಲಸ ಮಾಡಿದ ಹುಡುಗಿ. ಅದು ಮೆರವಣಿಗೆ. ಗುಂಪಿನ ಕೆಲಸದಲ್ಲಿ ಯಾರ ಕೈ ಎಲ್ಲಿತ್ತು ಎಂಬುದು ಅಲ್ಲಿ ಮಾಯವಾಗುತ್ತದೆ. ಹೆಸರುಗಳು ಸರಿಯಾಗಿ ಕೂತ ಒಂದು ಉದಾಹರಣೆ ಹೇಳುತ್ತೇನೆ. 1977ರಲ್ಲಿ ಅದೇ ರಾಮನ್ ಸಂಸ್ಥೆಯಿಂದ, ನಾಣ್ಯದಂತೆ ಚಪ್ಪಟೆಯಾದ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಸ್ಫಟಿಕವಾಗುತ್ತವೆ, ಅಂದರೆ ದ್ರವದ ಹಾಗೆ ಹರಿದರೂ ಸ್ಫಟಿಕದ ಹಾಗೆ ಒಂದು ಶಿಸ್ತಿನಲ್ಲಿರುತ್ತವೆ, ಎಂಬ ಶೋಧ ಬಂತು. ಅಲ್ಲಿಯತನಕ ಕಡ್ಡಿಯಂಥ ಅಣುಗಳದ್ದೇ ರಾಜ್ಯ. ಅಚ್ಚಾಗಿದ್ದು ಬೆಂಗಳೂರಿನದೇ ಪತ್ರಿಕೆ 'ಪ್ರಮಾಣ'ದಲ್ಲಿ. ಅದರ ಮೇಲೆ ಮೂರು ಹೆಸರು: ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿದ್ದ ಎಸ್. ಚಂದ್ರಶೇಖರ್, ರಸಾಯನಶಾಸ್ತ್ರದ ಬಿ.ಕೆ. ಸದಾಶಿವ, ಭೌತಶಾಸ್ತ್ರದ ಕೆ.ಎ. ಸುರೇಶ್. ರಸಾಯನಶಾಸ್ತ್ರದವರು ಅಣುವನ್ನು ಬೇಯಿಸಿ ತಯಾರಿಸಿ ಕೊಡದೆ ಭೌತಶಾಸ್ತ್ರದವರು ಅಳೆಯುವುದು ಏನನ್ನು?

ನಮ್ಮ ಹುಡುಗಿಯ ಥೀಸಿಸ್ ಈಗ ಬೈಂಡಿಂಗಿಗೆ ಹೋಗಿದೆ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿಗಿಂತ ಮೇಲೆ ಮೇಸ್ತ್ರಿಯ ಹೆಸರಿದೆ. ಅವರಿಗೆ ಇಂಗ್ಲಿಷ್ ಓದಲು ಬರದು. ಆ ಪುಟದ ಜೆರಾಕ್ಸ್ ಕೇಳಿ ಇಸಿದುಕೊಂಡು ಹೋಗಿ, ಲೇತ್ ಮಿಷಿನ್ನಿನ ಮೇಲಿನ ಗೋಡೆಗೆ, ಚಾಮುಂಡೇಶ್ವರಿ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡಿದ್ದಾರೆ. ವೈವಾ ದಿನದ ಚಂದಾ ಈ ಸಲ ತಲಾ ನೂರು. ಸಿಹಿ ಯಾವುದಿರಬೇಕೆಂದು ಇನ್ನೂ ಜಗಳ ನಡೆದಿದೆ.