ನಿಷೇಧವಾಯಿತು, ಆದರೆ ಮೀನಿನ ಕೊಬ್ಬಿನಲ್ಲಿ ಉಳಿಯಿತು

ನಾನು ಕರಾವಳಿಯವಳು, ಮೀನಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಹಾಗಾಗಿ ಮೀನಿನ ಮೈಯಲ್ಲಿ ಸೇರುವ ಕೀಟನಾಶಕದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ.

ಡಿಡಿಟಿ ಎಂಬ ಹಳೆಯ ಕೀಟನಾಶಕ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕೊಬ್ಬಿನಲ್ಲಿ ಮಾತ್ರ ಸಲೀಸಾಗಿ ಕರಗುತ್ತದೆ. ತೊಂದರೆಯ ಮೂಲ ಇದೇ. ಸಮುದ್ರ ಸೇರಿದ ಡಿಡಿಟಿ ತಳದ ಕೆಸರಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಕೆಸರಿನ ಹುಳುಗಳಿಗೆ, ಹುಳು ತಿನ್ನುವ ಮೀನಿಗೆ, ಆ ಮೀನನ್ನು ನುಂಗುವ ದೊಡ್ಡ ಮೀನಿಗೆ, ಹೀಗೆ ಒಂದೊಂದು ಹಂತದಲ್ಲೂ ಜಾಸ್ತಿಯಾಗುತ್ತಾ ಹೋಗುತ್ತದೆ. ಮೈ ಸೇರಿದ್ದು ಡಿಡಿಇ ಎಂಬ ರೂಪಕ್ಕೆ ಬದಲಾಗಿ ಕೊಬ್ಬಿನಲ್ಲಿ, ಲಿವರ್‌ನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಲಾಸ್ ಏಂಜಲೀಸ್ ಹತ್ತಿರ ಆಗಿದ್ದನ್ನು ನೋಡಿ. ಮಾಂಟ್ರೋಸ್ ಕೆಮಿಕಲ್ ಎಂಬ ಕಂಪನಿ 1947ರಿಂದ ಅಲ್ಲಿ ಡಿಡಿಟಿ ತಯಾರಿಸುತ್ತಿತ್ತು. 1970ರ ದಶಕದ ಆರಂಭದವರೆಗೂ ಅದರ ತ್ಯಾಜ್ಯ ಊರಿನ ಒಳಚರಂಡಿಯಲ್ಲೇ ಹರಿದು ಪಾಲೋಸ್ ವರ್ಡೀಸ್ ಎಂಬಲ್ಲಿ ಸಮುದ್ರ ಸೇರಿತು. ಅಲ್ಲಿನ ಆನಕಾಪಾ ದ್ವೀಪದಲ್ಲಿ 1970ರಲ್ಲಿ ಮೀನು ತಿನ್ನುವ ಕಂದು ಪೆಲಿಕನ್ ಹಕ್ಕಿಗಳು 552 ಸಲ ಗೂಡು ಕಟ್ಟಿದರೆ ಬದುಕಿದ್ದು ಒಂದೇ ಮರಿ. ಮೀನು ತಿಂದ ತಾಯಿಯ ಮೊಟ್ಟೆಯ ಚಿಪ್ಪು ಎಷ್ಟು ತೆಳ್ಳಗಾಗಿತ್ತೆಂದರೆ, ಕಾವಿಗೆ ಕೂತ ಅದರ ಭಾರಕ್ಕೇ ಒಡೆಯುತ್ತಿತ್ತು. ಓದಿ ಹೊಟ್ಟೆ ಉರಿಯಿತು.

1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಮುಗಿಯಿತಾ? ಇಲ್ಲ. ಅಲ್ಲಿ ಕೆಸರಿನಲ್ಲಿ ಮೇಯುವ, ಕೊಬ್ಬು ಜಾಸ್ತಿ ಇರುವ ವೈಟ್ ಕ್ರೋಕರ್ ಮೀನನ್ನು ಆ ಕರಾವಳಿಯಲ್ಲಿ ಹಿಡಿದು ಮಾರುವುದನ್ನು 1990ರಲ್ಲಿ ನಿಲ್ಲಿಸಬೇಕಾಯಿತು, ಸಾಂಟಾ ಮೋನಿಕಾದಿಂದ ಸೀಲ್ ಬೀಚ್‌ವರೆಗಿನ ಆ ಮೀನನ್ನು ತಿನ್ನಲೇಬೇಡಿ ಎಂಬ ಎಚ್ಚರಿಕೆ ಆಮೇಲೂ ಮುಂದುವರಿಯಿತು.

ನಮ್ಮಲ್ಲಿ ಕೃಷಿಗೆ ಡಿಡಿಟಿ ಬಳಸುವುದು 1989ರಲ್ಲೇ ನಿಂತಿತು, ಸೊಳ್ಳೆಗೆಂದು ಮನೆ ಗೋಡೆಗೆ ಹೊಡೆಯುವುದು ಮುಂದುವರಿಯಿತು. ಔಷಧಿ ಹೊಡೆದವರು ಬಾಗಿಲ ಬಳಿ ತಾರೀಕು ಬರೆದು ಹೋಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬಿಎಚ್‌ಸಿ ಪುಡಿ ಎಂಬ ಇನ್ನೊಂದು ಕೀಟನಾಶಕ 1997ರಲ್ಲಿ ನಿಷೇಧವಾಯಿತು. ಎಂಡೋಸಲ್ಫಾನ್ ಎಂಬ ಮತ್ತೊಂದು ಕೀಟನಾಶಕ ನಿಲ್ಲಲು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು, ಅಷ್ಟರಲ್ಲಿ ದಕ್ಷಿಣ ಕನ್ನಡದ, ಕಾಸರಗೋಡಿನ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಸುರಿದಾಗಿತ್ತು. ಕೊಕ್ಕಡದ ಕಡೆಯ ಮಕ್ಕಳು ಅನುಭವಿಸಿದ್ದು ಎಲ್ಲರಿಗೂ ಗೊತ್ತು. ಆ ಗುಡ್ಡಗಳ ಮಳೆನೀರು ಕೊನೆಗೆ ಹೋಗುವುದು ಸಮುದ್ರಕ್ಕೇ ಅಲ್ವಾ?

ಹಾಗಂತ ಮೀನು ಬಿಡಿ ಎಂದು ನಾನು ಹೇಳುವುದಿಲ್ಲ. ಬೂತಾಯಿ ಕೆಲವೇ ವರ್ಷ ಬದುಕುವ, ಪ್ಲಾಂಕ್ಟನ್ ಎಂಬ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುವ ಸಣ್ಣ ಮೀನು, ಅದರಲ್ಲಿ ವಿಷ ಸೇರಲು ಸಮಯವೂ ಕಡಿಮೆ. ಬೇರೆ ಮೀನನ್ನು ತಿಂದು ದೊಡ್ಡದಾಗುವ ಅಂಜಲ್, ತಾಟೆಗಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ಬೇಯಿಸಿದರೆ ಡಿಡಿಟಿ ಸಾಯುವುದಿಲ್ಲ. ಚರ್ಮ, ಹೊಟ್ಟೆಯ ಕೊಬ್ಬು, ಲಿವರ್ ತೆಗೆದು ಕೆಂಡದ ಮೇಲೆ ಸುಟ್ಟರೆ ಕೊಬ್ಬಿನೊಂದಿಗೆ ಒಂದಿಷ್ಟು ಹೋಗುತ್ತದೆ, ಸಾರು ಮಾಡಿದರೆ ಅದೇ ಎಣ್ಣೆ ಮೇಲೆ ತೇಲಿ ನಮ್ಮ ಬಟ್ಟಲಿಗೇ ಬರುತ್ತದೆ.

ಆದರೆ ಇದನ್ನೆಲ್ಲ ಅಡುಗೆಮನೆಯವರ ತಲೆಗೆ ಕಟ್ಟಿದರೆ ಹೇಗೆ? ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಇಳಿಯುವ ಮೀನನ್ನು ಸರ್ಕಾರವೇ ಪರೀಕ್ಷಿಸಿ, ಯಾವ ಮೀನಿನಲ್ಲಿ ಎಷ್ಟಿದೆ ಎಂದು ಕನ್ನಡದಲ್ಲಿ ಪ್ರಕಟಿಸಬೇಕು. ಮಾಂಸ ಬೇರೆ, ಲಿವರ್ ಬೇರೆ ನೋಡಬೇಕು. ಮಳೆಗಾಲ ಮುಗಿದ ಮೇಲಿನ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ, ಆದ್ದರಿಂದ ವರ್ಷಕ್ಕೊಮ್ಮೆ ನೋಡಿದರೆ ಸಾಲದು.