ಮರದ ಗ್ಲೈಡರ್‌ನಲ್ಲಿ 260 ಕಿಲೋಮೀಟರ್, ಉಳಿದದ್ದು ಟ್ರೇಲರ್‌ನಲ್ಲಿ

ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್‌ನಲ್ಲಿ, ಅದೂ ಹಳೆಯ ಮರದ ಗ್ಲೈಡರ್‌ನಲ್ಲಿ, 300 ಕಿ.ಮೀ. ತ್ರಿಕೋನ ಮಾರ್ಗವನ್ನು ಸುತ್ತಿ ಬರಬೇಕೆಂದು ಹೊರಟ ನನಗೆ ಎರಡು ಕಡೆ ಮೋಸವಾಯಿತು: ಒಂದು, ಕೈಪಿಡಿಯಲ್ಲಿ ಅಚ್ಚಾಗಿದ್ದ 29 ಎಂಬ ಅಂಕಿಯಿಂದ, ಇನ್ನೊಂದು, ಗ್ಲೈಡರ್‌ನ ಜೊತೆಗೆ, ಅದನ್ನು ಬಿಚ್ಚಿ ಸಾಗಿಸಲೆಂದು ಬಾಡಿಗೆಗೆ ಸಿಕ್ಕ ಟ್ರೇಲರ್‌ನಿಂದ. ಇದೇ ಸಾಹಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೋಡ ಕವಿದು ನೆಲದಲ್ಲೇ ಕುಳಿತ ಮೊದಲ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ನಾನು ಹಾರಿಸಿದ್ದು ರುಡೋಲ್ಫ್ ಕೈಸರ್ ವಿನ್ಯಾಸಗೊಳಿಸಿದ, 1955ರಲ್ಲಿ ಮೊದಲು ಹಾರಿದ ಕಾ 6. ಜರ್ಮನಿಯ ಹೈಂಜ್ ಹೂತ್ 1960 ಮತ್ತು 1963ರ ವಿಶ್ವ ಗ್ಲೈಡಿಂಗ್ ಸ್ಪರ್ಧೆಗಳಲ್ಲಿ ಸ್ಟ್ಯಾಂಡರ್ಡ್ ವರ್ಗವನ್ನು ಗೆದ್ದದ್ದು ಇದರಲ್ಲೇ ಎಂಬ ಖ್ಯಾತಿಯೂ ನನ್ನನ್ನು ಸ್ವಲ್ಪ ಉಬ್ಬಿಸಿತ್ತು. ನಿಶ್ಚಲ ಗಾಳಿಯಲ್ಲಿ, ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿ, ಒಂದು ಮೀಟರ್ ಇಳಿಯುವಷ್ಟರಲ್ಲಿ ಅದು 29 ಮೀಟರ್ ಮುಂದೆ ಸಾಗುತ್ತದೆ. ಎಂದರೆ 1000 ಮೀಟರ್ ಎತ್ತರ ಕೈಯಲ್ಲಿದ್ದರೆ 29 ಕಿ.ಮೀ. ದಾರಿ ನಮ್ಮದು. ಆದರೆ ಅದೇ ವೇಗದಲ್ಲಿ ಗಂಟೆಗೆ 30 ಕಿ.ಮೀ. ಎದುರುಗಾಳಿಯನ್ನು ಎದುರಿಸಿದಾಗ ಆ 29 ಕಿ.ಮೀ. 19ಕ್ಕೆ ಇಳಿದುಬಿಡುತ್ತದೆ. ಹೋಗಲಿ, ವೇಗ ಹೆಚ್ಚಿಸೋಣವೆಂದು ಮೂತಿಯನ್ನು ತಗ್ಗಿಸಿದರೆ, ಭಾರವಾದ ಇಂದಿನ ಗ್ಲೈಡರ್‌ಗಳಂತೆ ಇದು ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ. ಎತ್ತರವನ್ನು ನೀರಿನಂತೆ ಚೆಲ್ಲುತ್ತದೆ.

ಈ ಲೆಕ್ಕ ನನಗೆ ತಿಳಿಯದ್ದೇನಲ್ಲ. ಆದರೂ ಎದುರುಗಾಳಿಯ ಹಾದಿಯನ್ನು ಕೊನೆಗೆ ಇಟ್ಟುಕೊಂಡೆ, ಸಂಜೆ ಥರ್ಮಲ್‌ಗಳು, ಎಂದರೆ ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿಯ ಕಂಬಗಳು, ಸೋತು ಸಣ್ಣಗಾಗುವ ಹೊತ್ತಿಗೆ. ಸರಾಸರಿ 60 ಕಿ.ಮೀ. ವೇಗ ಸಿಕ್ಕರೂ 300 ಕಿ.ಮೀ. ಮುಗಿಸಲು ಐದು ಗಂಟೆ ಬೇಕು, ಥರ್ಮಲ್‌ಗಳು ಚೆನ್ನಾಗಿ ಏಳುವ ಹೊತ್ತೇ ಹೆಚ್ಚುಕಡಿಮೆ ಅಷ್ಟು. ಆದ್ದರಿಂದ ಎದುರುಗಾಳಿಯನ್ನು ದಿನದ ಅತ್ಯಂತ ಬಲವಾದ ಹೊತ್ತಿನಲ್ಲಿ ಮುಗಿಸಿ, ಗಾಳಿ ಬೆನ್ನಿಗಿರುವಂತೆ ಮನೆಗೆ ಮರಳುವುದೇ ಕ್ರಮ. ಇನ್ನೂ ಉತ್ತಮವೆಂದರೆ ತ್ರಿಕೋನವನ್ನೇ ಬಿಟ್ಟು, ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಹೊರಟುಬಿಡುವುದು. 1935ರಲ್ಲಿ ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಿಂದ ಒಂದೇ ದಿನ ನಾಲ್ವರು ಚೆಕೊಸ್ಲೊವಾಕಿಯಾದ ಬ್ರನೋವರೆಗೆ 500 ಕಿ.ಮೀ.ಗೂ ಹೆಚ್ಚು ಹಾರಿದ್ದು, 1939ರಲ್ಲಿ ಸೋವಿಯತ್ ಪೈಲಟ್ ಓಲ್ಗಾ ಕ್ಲೆಪಿಕೋವಾ 749 ಕಿ.ಮೀ. ಹಾರಿ 1951ರವರೆಗೆ ಉಳಿದ ದಾಖಲೆ ಬರೆದದ್ದು, ಎರಡೂ ನೇರ ಹಾದಿಗಳೇ. ಹೊರಟಲ್ಲಿಗೇ ಮರಳುವ ಹಟ ಅವರಿಗಿರಲಿಲ್ಲ.

ಈ ಗ್ಲೈಡರ್‌ನಲ್ಲಿ ನಾನು ಮನಸಾರೆ ಹೊಗಳುವುದು ಅತ್ಯಂತ ಅಗ್ಗದ ಉಪಕರಣವನ್ನು: ಕಾಕ್‌ಪಿಟ್‌ನ ಗಾಜಿನ ಮೇಲೆ ಹೊರಗಡೆ ಅಂಟಿಸಿದ, ಬೆರಳುದ್ದದ ಕೆಂಪು ಉಣ್ಣೆಯ ದಾರ. ರೆಕ್ಕೆಯನ್ನು ಎಡಕ್ಕೆ ವಾಲಿಸಿದೊಡನೆ ಕಾ 6ರ ಮೂತಿ ಮುನಿಸಿಕೊಂಡಂತೆ ಬಲಕ್ಕೆ ತಿರುಗುತ್ತದೆ. ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಅನ್ನು ಧಾರಾಳವಾಗಿ ಒತ್ತದಿದ್ದರೆ ಗ್ಲೈಡರ್ ಅಡ್ಡಡ್ಡವಾಗಿ ಜಾರುತ್ತ ಏರಿಕೆಯನ್ನು ಕಳೆದುಕೊಳ್ಳುತ್ತದೆ. ಹಾಗೆ ಜಾರಿದೊಡನೆ ದಾರ ಪಕ್ಕಕ್ಕೆ ಸರಿದು ಎಚ್ಚರಿಸುತ್ತದೆ. ಎರಡನೆಯ ತಿರುವಿನ ಬಳಿ ಭೂಮಿ ಕೇವಲ 450 ಮೀಟರ್ ಕೆಳಗಿದ್ದಾಗ, ಸೆಕೆಂಡಿಗೆ ಅರ್ಧ ಮೀಟರ್ ಮಾತ್ರ ಎತ್ತುತ್ತಿದ್ದ ಒಂದು ಬಡಪಾಯಿ ಥರ್ಮಲ್‌ನಲ್ಲಿ, ಆ ದಾರವನ್ನು ನಡುಗೆರೆಯ ಮೇಲೆ ನಿಲ್ಲಿಸಿಕೊಂಡು ಇಪ್ಪತ್ತೈದು ನಿಮಿಷ ಸುತ್ತಿದೆ. ಹಗುರವಾದ ಮರದ ಗ್ಲೈಡರ್ ನಿಧಾನವಾಗಿ, ಚಿಕ್ಕ ವೃತ್ತದಲ್ಲಿ ಸುತ್ತಬಲ್ಲದು. ಅಲ್ಲಿ ನನ್ನನ್ನು ಉಳಿಸಿದ್ದು ಆ ಗುಣವೇ. ಬಿರುಕುಗಳಿಂದ ನುಗ್ಗುವ ಗಾಳಿಗೆ ಪಾದಗಳು ಮರಗಟ್ಟಿದ್ದವು, ಮೊಣಕಾಲು ಚಾಚಲು ಜಾಗವಿರಲಿಲ್ಲ. ಇಕ್ಕಟ್ಟು ನನಗೆ ಅಷ್ಟಾಗಿ ಬಾಧಿಸುವುದಿಲ್ಲ. ಚಳಿ ತಡೆಯದವರು ಮಾತ್ರ ದಪ್ಪ ಕಾಲುಚೀಲವಿಲ್ಲದೆ ಹೊರಡದಿರುವುದು ಮೇಲು.

260 ಕಿ.ಮೀ. ಆದ ಮೇಲೆ ಎತ್ತರ ಮುಗಿಯಿತು. ಕಟಾವಾದ ಹೊಲವೊಂದರಲ್ಲಿ, ಬೇಗ ಇಳಿಯಲು ರೆಕ್ಕೆಯಿಂದ ಹೊರಚಾಚುವ ಏರ್‌ಬ್ರೇಕ್ ತೆರೆದು ಸುಖವಾಗಿ ಇಳಿದೆ. ಪ್ರಯಾಣದ ನಿಜವಾದ ಕಷ್ಟ ಅಲ್ಲಿಂದ ಆರಂಭವಾಯಿತು. ಸ್ನೇಹಿತನು ಎಳೆದು ತರುತ್ತಿದ್ದ ಟ್ರೇಲರ್‌ನ ಟೈರ್ ದಾರಿಯಲ್ಲೇ ಒಡೆದಿತ್ತು. ನೆಲಕ್ಕೆ ತಾಗುವ ಮೇಲ್ಮೈಯ ಗೀರುಗಳು ಹೊಸ ಟೈರಿನವುಗಳಂತೆ ಕಾಣುತ್ತಿದ್ದವು. ಆದರೆ ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದರಿಂದ ಪಕ್ಕದ ರಬ್ಬರು ಒಣಗಿ ಬಿರುಕುಬಿಟ್ಟಿತ್ತು. ಬಾಡಿಗೆಗೆ ಕೊಟ್ಟವರು ಇದೆಯೆಂದು ಹೇಳಿದ್ದ ಸ್ಟೆಪ್ನಿ ಇರಲೇ ಇಲ್ಲ. ಚಾವಣಿಯ ಸೀಳಿನಿಂದ ಸೋರಿದ ನೀರು ರೆಕ್ಕೆಗಳನ್ನು ಇಡುವ ತೊಟ್ಟಿಲಲ್ಲಿ ನಿಂತಿತ್ತು. ಹಳೆಯ ಗ್ಲೈಡರ್‌ಗಳ ಅಂಟು, ಅದರಲ್ಲೂ ಹಾಲಿನಿಂದ ತೆಗೆದ ಕೆಸೀನ್ ಅಂಟು, ತೇವಕ್ಕೆ ಸೋಲುತ್ತದೆಂದು ಬಲ್ಲ ಯಾರಿಗಾದರೂ ಆ ನೀರನ್ನು ಕಂಡರೆ ಎದೆ ಧಸಕ್ಕೆನ್ನಬೇಕು.

ಆದ್ದರಿಂದ ಗ್ಲೈಡರ್ ನೋಡುವ ಮೊದಲೇ ಟ್ರೇಲರ್ ನೋಡಿ: ಟೈರಿನ ಪಕ್ಕೆಯನ್ನು ಉಗುರಿನಿಂದ ಒತ್ತಿ, ಚಕ್ರವನ್ನು ತಿರುಗಿಸಿ ಬೇರಿಂಗ್‌ನ ಸದ್ದು ಕೇಳಿ, ಬಾಗಿಲು ಮುಚ್ಚಿಕೊಂಡು ಒಳಗೆ ನಿಂತು ಎಲ್ಲಿಂದ ಬೆಳಕು ತೂರುತ್ತದೆಂದು ಪರೀಕ್ಷಿಸಿ. ಮರುದಿನ ಮತ್ತೆ ಜೋಡಿಸುವಾಗ ಏಲೆರಾನ್ (ಗ್ಲೈಡರನ್ನು ವಾಲಿಸುವ, ರೆಕ್ಕೆಯಂಚಿನ ಪಟ್ಟಿ) ಮತ್ತು ಏರ್‌ಬ್ರೇಕ್‌ಗಳ ಕೊಂಡಿಗಳನ್ನು ನೀವೇ ಮುಟ್ಟಿ ನೋಡಿ, ಒಬ್ಬರು ಆ ಪಟ್ಟಿಯನ್ನು ಬಿಗಿಯಾಗಿ ಹಿಡಿದಿರುವಾಗ ಇನ್ನೊಬ್ಬರು ಕಾಕ್‌ಪಿಟ್‌ನ ನಿಯಂತ್ರಣ ಕೋಲನ್ನು ಅಲುಗಾಡಿಸಿ ಖಚಿತಪಡಿಸಿಕೊಳ್ಳಿ. ನಾವು ರೆಕ್ಕೆ ಬಿಚ್ಚಲು ಆರಂಭಿಸಿದಾಗ ರಾತ್ರಿ ಹನ್ನೊಂದು ದಾಟಿತ್ತು. ಟಾರ್ಚ್ ತರಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹೊಲದ ಒಡತಿ ತಮ್ಮದನ್ನು ಹಿಡಿದು, ಕೊನೆಯ ಪಿನ್ ಕಳಚುವವರೆಗೂ ಪಕ್ಕದಲ್ಲೇ ನಿಂತಿದ್ದರು.